ಕದಿರು ಬಂದ ದಾರಿ

ಸೆಪ್ಟೆಂಬರ್ ಮೊದಲ ವಾರಕ್ಕೆ ಕುಂದಾಪುರದ ಮಳೆಗೆ ಒಂಚೂರು ಬಿಡುವು. ಬಿಸಿಲು ಬಿದ್ದ ಗಳಿಗೆಯಲ್ಲಿ ಸಂಗಮ್ ಸೇತುವೆಯ ಮೇಲೆ ನಿಂತರೆ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಇಲ್ಲಿ ಒಂದಾಗಿ ಪಂಚಗಂಗಾವಳಿಯೆಂದು ಹೆಸರು ಹೊತ್ತು ಕಡಲಿಗೆ ನುಗ್ಗುತ್ತವೆ. ನಡುವೆ ತೆಂಗು ತುಂಬಿದ ಕುದ್ರುಗಳು, ಆಚೆ ಗಂಗೊಳ್ಳಿ. ಕೂಗಿದರೆ ಕೇಳೀತು ಎನ್ನುವಷ್ಟು ಹತ್ತಿರದ ಆ ಊರಿಗೆ ರಸ್ತೆ ಹಿಡಿದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಂದು ಸುತ್ತಿ ಸುತ್ತಿ ಹೋಗಬೇಕು.

ಈ ನೀರಿಗೆ ಪೋರ್ಚುಗೀಸರು ಬಂದದ್ದು ಮೆಣಸಿಗೆ ಎಂದೇ ನಾವೆಲ್ಲ ಓದಿದ್ದು. ಆದರೆ ಅವರ ಕಣ್ಣು ಅಕ್ಕಿಯ ಮೇಲೂ ಅಷ್ಟೇ ಇತ್ತು. ಹೊಳೆಯ ಒಳಮಗ್ಗುಲಿನ ಬಸ್ರೂರಿನಿಂದ ಗೋವೆಗೆ ಅಕ್ಕಿ ಹೋಗುತ್ತಿತ್ತು. 1569ರಲ್ಲಿ ಅವರು ಬಸ್ರೂರಿನ ಕೋಟೆ ಹಿಡಿದರು. ಮರುವರ್ಷ, 1570ರಲ್ಲಿ, ಕುಂದಾಪುರದಲ್ಲಿ ರೊಜಾರಿ ಮಾತೆಯ ಇಗರ್ಜಿ ಎದ್ದಿತು. ಗದ್ದೆಯ ಬೆನ್ನು ಹಿಡಿದು ಬಂದ ಇಗರ್ಜಿ ಎಂದರೆ ಪಾದ್ರಿಗಳು ಮುನಿಸಿಕೊಳ್ಳಲಾರರು ಎಂದುಕೊಳ್ಳುತ್ತೇನೆ. ಏಕೆಂದರೆ ಅದರ ಹಿಂದೆಯೇ ಗೋವೆಯ ಯುದ್ಧ, ಬರ, ತೆರಿಗೆ, ಧರ್ಮವಿಚಾರಣೆಯ ಕಾಟಗಳಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರು ಇಲ್ಲಿ ನೆಲೆ ನಿಂತದ್ದೂ ಗದ್ದೆಯ ಬಲದಿಂದಲೇ. ಒಳ್ಳೆಯ ಬೇಸಾಯಗಾರರೆಂದು ಕೆಳದಿಯ ನಾಯಕರು ಅವರಿಗೆ ಜಾಗ ಕೊಟ್ಟರು.

ಈ ಇಗರ್ಜಿಗೆ ಒಂದು ದೊಡ್ಡ ಕಥೆ ಅಂಟಿಕೊಂಡಿದೆ. 1681ರಲ್ಲಿ ಗೋವೆಯಿಂದ ಬಂದ ಜೋಸೆಫ್ ವಾಜ್ ಎಂಬ ಪಾದ್ರಿ ಇಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತ ನೆಲ ಬಿಟ್ಟು ಮೇಲೆದ್ದದ್ದನ್ನು ಜನ ಕಂಡರಂತೆ. ಮುಂದೆ ಅವರು ಕೂಲಿಯವನ ವೇಷದಲ್ಲಿ ಸಿಲೋನಿಗೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ನೆಲ ಬಿಟ್ಟದ್ದು ದೊಡ್ಡದೇ ಇರಬಹುದು. ನನಗೆ ಬೆರಗಾದದ್ದು ಅವರು ನೆಲದ ಮೇಲೆ ನಡೆದದ್ದು. ಸೇತುವೆಯೇ ಇಲ್ಲದ ಕಾಲದಲ್ಲಿ, ಹತ್ತು ಮೈಲಿಗೊಂದು ಹೊಳೆ ಅಡ್ಡ ಬರುವ ಈ ಸೀಮೆಯನ್ನು ಆ ಮನುಷ್ಯ ಊರಿಂದೂರಿಗೆ ಅಲೆದಿದ್ದಾರೆ.

ಹಂಗಳೂರಿನ ಕಡೆಯ ಒಂದು ಹಂಚಿನ ಮನೆಯ ಜಗಲಿಗೆ ಕಾಲಿಟ್ಟಾಗ ಬಾಯಮ್ಮ ತೇರೆಯ ದಂಟು ಹೆಚ್ಚುತ್ತಿದ್ದರು. "ಬನಿ, ಕೂಕಣಿ. ಚಾ ಕುಡಿತ್ರಿಯಾ?" ಕೇಳಿದ್ದು ಅಪ್ಪಟ ಕುಂದಾಪ್ರ ಕನ್ನಡದಲ್ಲಿ, ಒಳಗಿನ ಸೊಸೆಗೆ ಚಹಾ ಹೇಳಿದ್ದು ಕೊಂಕಣಿಯಲ್ಲಿ. ಸೆಪ್ಟೆಂಬರ್ 8, ಕನ್ಯಾಮರಿಯಮ್ಮನ ಹುಟ್ಟಿದ ಹಬ್ಬ, ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿ, ತೋಟ, ಗುಡ್ಡೆ ಸುತ್ತಿ ಬುಟ್ಟಿ ತುಂಬ ಹೂ ತಂದು ಮರಿಯಮ್ಮನ ಮುಂದೆ ಹಾಕುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ಕದಿರನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ಕಾಳು ಸುಲಿದು, ಕುಟ್ಟಿ, ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರಿಂದ ಕಿರಿಯರವರೆಗೆ ಒಂದೊಂದು ಗುಟುಕು. ಆಮೇಲೆ ಬಾಳೆಲೆ ಊಟ. ಮೀನು ಮಾಂಸ ಇಲ್ಲ, ತರಕಾರಿ ಬಗೆಗಳ ಲೆಕ್ಕ ಬೆಸಸಂಖ್ಯೆಯಲ್ಲೇ ನಿಲ್ಲಬೇಕು. ಮುಂಬೈಯಲ್ಲೋ ಕೊಲ್ಲಿಯಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ.

"ಕದ್ರ್ ನಿಮ್ಮ ಗೆದ್ದೆದೇಯಾ?" ಎಂದೆ.

"ನಮ್ಮ ಗೆದ್ದೆ ಹಡು ಬಿತ್ತ್ ಮಾರ್ರೆ. ನಟ್ಟಿಗೆ ಜನ ಎಲ್ಲಿದ್ರ್? ಈಗ ಕದ್ರ್ ಶೆಟ್ರ ಗೆದ್ದೆಯಿಂದ ಬತ್ತ್. ಅವ್ರೇ ಕೊಯ್ದ್ ಕೊಡ್ತ್ರ್."

ಆ ಶೆಟ್ಟರ ಮನೆಯಲ್ಲೂ ಇದೇ ಆಸುಪಾಸಿನಲ್ಲಿ ಕದಿರು ಕಟ್ಟುವುದು, ಹೊಸ್ತು ಊಟ ಇದ್ದದ್ದೇ. ಒಂದೇ ಗದ್ದೆಯ ಪೈರು ಎರಡು ಪೂಜೆಗೆ ಹಂಚಿಹೋಗುವುದನ್ನು ಇಲ್ಲಿ ಯಾರೂ ವಿಶೇಷವೆಂದು ಹೇಳುವುದಿಲ್ಲ. ನನಗಂತೂ ಚಹಾ ಆರುವವರೆಗೆ ಅದೇ ಗುಂಗು. 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆಗಳು ಇಂಥ ಎಷ್ಟೋ ಮನೆಗಳ ಸ್ವಂತದ್ದಾದವು. ಸ್ವಂತದ್ದಾದ ಮೇಲೆ ಮಕ್ಕಳು ಓದಿ ಹಡಗು, ಆಸ್ಪತ್ರೆ, ಬ್ಯಾಂಕು ಎಂದು ಹೊರಟುಹೋದರು. ಊರಲ್ಲಿ ಉಳಿದವರು ಬೇಕರಿ, ಗ್ಯಾರೇಜು, ಮರಗೆಲಸ, ಟೈಲರಿಂಗ್ ಹಿಡಿದರು. ಈ ಮನೆಯ ಒಬ್ಬ ಮಗಳು ಮಾತ್ರ ದೈವಕರೆ ಎಂದು ಕಾನ್ವೆಂಟಿಗೆ ಸೇರಿ ಈಗ ಉತ್ತರ ಭಾರತದಲ್ಲೆಲ್ಲೋ ನರ್ಸ್ ಸಿಸ್ಟರ್. ಗೋಡೆಯ ಮೇಲೆ ಅವಳ ಫೋಟೊ, ಪಕ್ಕದಲ್ಲೇ ಕೊಲ್ಲಿಯಲ್ಲಿರುವ ಮಗನದ್ದು. ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಗುರಿಕಾರರು ಹಬ್ಬದ ವಂತಿಗೆಗೆ ಬಂದಾಗ ಬಾಯಮ್ಮ ಇಬ್ಬರೂ ಮಕ್ಕಳ ಹೆಸರಲ್ಲಿ ಬರೆಸಿದರು.

ಗಂಗೊಳ್ಳಿಯಲ್ಲಿ ಕೊಸೆಸಾಂವ್ ಮಾತೆಯ ಇಗರ್ಜಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಮುಗಿದು ಬಂದರಿನ ಬೋಟುಗಳೆಲ್ಲ ಕಡಲಿಗಿಳಿದಿದ್ದವು. ಬಲೆ ಹೊಲಿಯುವ ಖಾರ್ವಿಗಳ ಬಾಯಲ್ಲೂ ಕೊಂಕಣಿ, ಇಗರ್ಜಿಯ ಹಾಡಲ್ಲೂ ಕೊಂಕಣಿ. ರಾಗ ಬೇರೆ, ಅಷ್ಟೇ. ಮರವಂತೆಯ ಬಗ್ಗೆ ಬರೆಯುವುದಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ನೋಡದವರಿಗೆ ಹೇಳಿ ಪ್ರಯೋಜನವಿಲ್ಲ.

ಬೈಂದೂರು ತಾಲೂಕಿನ ಘಟ್ಟದ ಬುಡಕ್ಕೆ, ಜಡ್ಕಲ್, ಮುದೂರಿನ ಕಡೆ ತಿರುಗಿದರೆ ಲೋಕವೇ ಬೇರೆ. ಗದ್ದೆ ಮುಗಿದು ಗುಡ್ಡದ ತುಂಬ ಸಾಲು ಸಾಲು ರಬ್ಬರ್. ಕೇರಳದಿಂದ ಬಂದು ಕಾಡಂಚಿನಲ್ಲಿ ನೆಲೆನಿಂತ ಸಿರೋ-ಮಲಬಾರ್ ಕ್ರೈಸ್ತರ ಬೆಳಗು ಪೂಜೆಗೂ ಮೊದಲೇ ಶುರುವಾಗುತ್ತದೆ. ಕತ್ತಲಲ್ಲೇ ತಲೆಗೆ ದೀಪ ಕಟ್ಟಿಕೊಂಡು ತೊಗಟೆ ಗೀರಬೇಕು, ಬಿಸಿಲೇರಿದರೆ ಹಾಲು ಬೇಗ ನಿಲ್ಲುತ್ತದೆ. ಮಳೆಗಾಲಕ್ಕೆ ಮರದ ಸೊಂಟಕ್ಕೆ ಪ್ಲಾಸ್ಟಿಕ್ ಲಂಗ. ಇವರ ಪೂಜೆ ಮಲಯಾಳದಲ್ಲಿ, ಧರ್ಮಪ್ರಾಂತ್ಯವೂ ಬೇರೆ: 1999ರಲ್ಲಿ ಆದ ಬೆಳ್ತಂಗಡಿಯದ್ದು. ಕರಾವಳಿಯ ಇಗರ್ಜಿಗಳು 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಉಡುಪಿಗೆ ಸೇರಿದವು. ಆದರೆ ರಬ್ಬರ್ ಶೀಟು ಮಾರಲು ಬಂದವರು ಅಂಗಡಿಯವರ ಜೊತೆ ಚೌಕಾಸಿ ಮಾಡುವುದು "ಹ್ವಾಯ್, ರೇಟ್ ಎಂತ ಇಳ್ದಿತ್ತ್?" ಎಂದೇ.

ಇನ್ನು ಬ್ರಹ್ಮಾವರ. ಇಲ್ಲಿ ನನ್ನ ತಲೆ ತಿರುಗಿತು. 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಗೋವೆಯ ಆಡಳಿತದಲ್ಲಿದ್ದ ಇಗರ್ಜಿಗಳು ಕೈ ಬದಲಾದಾಗ ಇಲ್ಲಿಯ ಒಂದಷ್ಟು ಕೊಂಕಣಿ ಮನೆಗಳು ಒಪ್ಪಲಿಲ್ಲ. ಗೋವೆಯವರೇ ಆದ ಆಲ್ವಾರಿಸ್ ಎಂಬ ಪಾದ್ರಿ 1889ರಲ್ಲಿ ಕೋಟ್ಟಯಂನಲ್ಲಿ ಸಿರಿಯನ್ ಸಂಪ್ರದಾಯದ ಬಿಷಪ್ ಮಾರ್ ಜೂಲಿಯಸ್ ಆದರು. ಬ್ರಹ್ಮಾವರದ ಪಾದ್ರಿ ನೊರೊನ್ಹಾ ಅವರ ಜೊತೆ ನಿಂತರು. ಹೀಗೆ ಮನೆಯ ಸಾನ್ನಾಂ, ಹೆಸರಿನ ಕೊನೆಯ ಡಿಸೋಜ, ಲೂವಿಸ್ ಎಲ್ಲ ಕಥೋಲಿಕರದ್ದೇ ಇದ್ದು, ಪೂಜೆ ಮಾತ್ರ ಆಂಟಿಯೋಕ್ಯದ ದಾರಿಯದ್ದಾದ ಜನ ಇಲ್ಲಿದ್ದಾರೆ. ಸೇಂಟ್ ಮೇರಿಸ್ ಸಿರಿಯನ್ ಕೆಥೆಡ್ರಲ್ ಅವರದ್ದು. ಊರವರು ಎಸ್‌ಎಂಎಸ್ ಎಂದು ಕರೆಯುವ ಕಾಲೇಜೂ ಅವರದ್ದೇ. ಅದೇ ಪೇಟೆಯಲ್ಲಿ ಕಥೋಲಿಕರ ಹೋಲಿ ಫ್ಯಾಮಿಲಿ ಇಗರ್ಜಿಯೂ ಇದೆ.

ಬಸ್ಸಿಳಿದು ರಿಕ್ಷಾ ಹತ್ತಿ ಇಗರ್ಜಿಗೆ ಎಂದೆ. ಚಾಲಕ ಹಿಂದೆ ತಿರುಗಿ ನೋಡಿದ.

"ಯಾವ್ದ್ ಮಾರ್ರೆ? ಸಿರಿಯನ್ನಾ, ಕಥೋಲಿಕಾ?"

ಎರಡಕ್ಕೂ ಹೋಗಬೇಕು ಎಂದೆ. ಗೇರ್ ಹಾಕುತ್ತ ಅವನು, "ಹಂಗಾರೆ ಮೊದ್ಲ್ ಸಿರಿಯನ್ನಿಗೆ ಹ್ವಾಪ. ಈಚಿಂದಕ್ಕೆ ನಮ್ಮ ಹುಡ್ಗಿನ್ನ ಶಾಲೆಯಿಂದ ಕರ್ಕಂಡ್ ಬಪ್ಪು ಹೊತ್ತಿಗೆ ಹ್ವಾದ್ರಾಯ್ತ್" ಎಂದ.