ಓದಿನ ಹೊತ್ತು, ದುಡಿಮೆಯ ಹೊತ್ತು



ನಮ್ಮ ಅರಳಗುಪ್ಪೆಯ ಸುತ್ತಿನಲ್ಲಿ ಕಾಲೇಜಿಗೆ ಹೋಗುವ ಹುಡುಗರ ಅಂಗೈಯಲ್ಲಿ ತೆಂಗಿನ ಕೆಲಸದ ಗುರುತು ಕಾಣುವುದು ಹೊಸತೇನಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಕಳುಹಿಸುವವರೆಗೆ ಹಲವು ಕೈಗಳಿಗೆ ಕೆಲಸವಿರುತ್ತದೆ. ಸುಲಿಯುವವರಿಗೆ ಕೂಲಿ ಸಾವಿರ ಕಾಯಿಯ ಲೆಕ್ಕದಲ್ಲಿ. ವಿದ್ಯಾರ್ಥಿಗೆ ಇದೊಂದು ಅನುಕೂಲ; ಬಿಡುವಾದಾಗ ಬಂದು, ಸುಲಿದಷ್ಟಕ್ಕೆ ಹಣ ಪಡೆದು ಹೋಗಬಹುದು. ಅಪಾಯವೂ ಅಲ್ಲಿಯೇ ಇದೆ. ಇನ್ನೊಂದು ನೂರು ಕಾಯಿ ಎನ್ನುವ ಆಸೆಗೆ ಕೊನೆಯೆಂಬುದಿಲ್ಲ.

ತಂದೆಯನ್ನು ಕಳೆದುಕೊಂಡ ನನ್ನ ಶಿಷ್ಯನೊಬ್ಬ ಪದವಿಯ ಮೊದಲ ವರ್ಷದಲ್ಲಿದ್ದಾಗ ಒಂದು ಸಂಜೆ ಮನೆಗೆ ಬಂದು, “ಮೇಷ್ಟ್ರೇ, ಕಾಸು ಕೈಗೆ ಬರ್ತಾ ಇದೆ, ಓದು ತಲೆಗೆ ಹತ್ತುತ್ತಾ ಇಲ್ಲ” ಎಂದ. ಬೆಳಿಗ್ಗೆ ಕಾಯಿ ಸುಲಿದು ತಿಪಟೂರಿಗೆ ಹೊರಡುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಶೇಕಡ 75ರ ಹಾಜರಿ ತುಂಬದಿದ್ದರೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಕೆಲಸ ಬಿಡು ಎಂದು ಹೇಳುವುದು ಸುಲಭ; ಆದರೆ ತಾಯಿ, ತಂಗಿಯರ ಊಟ ಆ ಕೂಲಿಯಲ್ಲಿತ್ತು.

ಒಂದು ಹಾಳೆ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ವಾರಕ್ಕೆ 168 ಗಂಟೆ. ನಿದ್ರೆಗೆ 56, ಕಾಲೇಜಿಗೆ 36, ಹೋಗಿ ಬರುವುದಕ್ಕೆ 12, ಸ್ನಾನ ಊಟ ಮನೆಗೆಲಸಕ್ಕೆ 21. ಉಳಿದದ್ದು 43. ಅದರಲ್ಲಿ 24 ಗಂಟೆಯನ್ನು ಓದಿಗೆಂದು ಮೊದಲೇ ಎತ್ತಿಟ್ಟೆವು. ದುಡಿಮೆಗೆ ದಕ್ಕಿದ್ದು 19. ಅವನು ಅದುವರೆಗೆ ದುಡಿಯುತ್ತಿದ್ದುದು ಮೂವತ್ತಕ್ಕೂ ಹೆಚ್ಚು ಗಂಟೆ. ಆ ಹೆಚ್ಚಿನ ಗಂಟೆಗಳು ನಿದ್ರೆಯಿಂದಲೂ ಪಾಠದಿಂದಲೂ ಕದ್ದವು ಎಂಬುದು ಹಾಳೆಯ ಮೇಲೆ ತಾನಾಗಿಯೇ ತಿಳಿಯಿತು. ಭಾನುವಾರ ಪೂರ್ತಿ, ಉಳಿದಂತೆ ಮೂರು ಸಂಜೆ ಎಂದು ಗೊತ್ತುಮಾಡಿಕೊಂಡ. ಕೊರತೆಬಿದ್ದ ಹಣಕ್ಕೆ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಿದೆ. ಅವನು ಮೊದಲ ದರ್ಜೆ ಪಡೆಯಲಿಲ್ಲ. ಆದರೆ ಒಂದು ವರ್ಷವನ್ನೂ ಕಳೆದುಕೊಳ್ಳದೆ ಪದವಿ ಮುಗಿಸಿದ.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ಅವರ ದುಡಿಮೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ನೆರವನ್ನು ಹೇಳುವುದು ಕಡಿಮೆ. ಪಾಠ ಹೇಳುವ ಕೆಲಸ ಓದಿಗೆ ಹತ್ತಿರದ್ದು, ಅದಕ್ಕೆ ಗೊತ್ತಾದ ಹೊತ್ತಿತ್ತು. ನೆರವು ದೊರೆತಾಗ ಅದನ್ನು ಪಡೆಯಲು ಅವರು ಸಂಕೋಚಪಡಲಿಲ್ಲ.

ಈಗ ನಮ್ಮ ಮಕ್ಕಳು ಬೆಂಗಳೂರು, ತುಮಕೂರುಗಳಲ್ಲಿ ಓದುತ್ತ ಮೊಬೈಲ್ ಆಪ್ ನೋಡಿ ಮನೆಮನೆಗೆ ಊಟ ತಲುಪಿಸುತ್ತಾರೆ. ಅಲ್ಲಿಯೂ ಎಣಿಕೆಯ ಕೂಲಿಯೇ. ಅಟ್ಟದ ಕಾಯಿ ಒಂದು ದಿನ ಮುಗಿಯುತ್ತದೆ. ಮೊಬೈಲಿನ ಕರೆ ಮುಗಿಯುವುದಿಲ್ಲ. ಆದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದನ್ನು ಹುಡುಗರೇ ಹಾಕಿಕೊಳ್ಳಬೇಕು. ಓದಿನ ಗಂಟೆಯನ್ನು ಮೊದಲು ಎತ್ತಿಡಿ, ಉಳಿದದ್ದನ್ನು ದುಡಿಮೆಗೆ ಕೊಡಿ. ಪರೀಕ್ಷೆಯ ತಿಂಗಳು ಬರುವುದಿಲ್ಲವೆಂದು ಕೆಲಸ ಕೊಟ್ಟವರಿಗೆ ಮುಂಚಿತವಾಗಿಯೇ ತಿಳಿಸಿ.

ನಿಮ್ಮ ಮನೆಗಳಲ್ಲಿ ಹೀಗೆ ದುಡಿಯುತ್ತ ಓದುವ ಮಕ್ಕಳಿದ್ದರೆ, ಎಷ್ಟು ಸಂಪಾದಿಸಿದೆ ಎಂದು ಕೇಳುವ ಮೊದಲು ಎಷ್ಟು ಹೊತ್ತು ಮಲಗಿದೆ ಎಂದು ಕೇಳಿ. ಉತ್ತರದಲ್ಲಿ ಎಲ್ಲವೂ ತಿಳಿಯುತ್ತದೆ.