ಮುಂದಿನ ಚಕ್ರದ ಸಂಬಳ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅರ್ಥಶಾಸ್ತ್ರ ಓದುವವನು ಮೋಟಾರು ಕಾರುಗಳ ಗುಣಾವಗುಣಗಳನ್ನು ತೂಗಲು ಹೊರಟರೆ ಅಧ್ಯಾಪಕರು ಹುಬ್ಬೇರಿಸಿಯಾರು. ಆದರೆ ನನ್ನ ತಂದೆ ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ರಜೆಯಲ್ಲಿ ಅವರಿಗೆ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಅಷ್ಟರ ಮಟ್ಟಿಗೆ ನನಗೂ ಅಧಿಕಾರವುಂಟು.

ನಮ್ಮ ಕ್ಯಾಂಟೀನಿನಲ್ಲಿ ಮುಗಿಯದ ವಾದವೊಂದಿದೆ: ಸ್ವಿಫ್ಟ್ ಮೇಲೋ, ಪೋಲೊ ಜಿ.ಟಿ. ಮೇಲೋ? 2005ರಲ್ಲಿ ಬಂದ ಸ್ವಿಫ್ಟ್ ಹಗುರ. ತಿರುವಿನಲ್ಲಿ ಹೇಳಿದಂತೆ ಕೇಳುತ್ತದೆ. 2013ರಲ್ಲಿ ಬಂದ ಪೋಲೊ ಜಿ.ಟಿ. ಗಂಭೀರ ಪ್ರಕೃತಿಯದು, ವೇಗ ಏರಿದಷ್ಟೂ ನೆಲಕ್ಕೆ ಕಚ್ಚಿಕೊಂಡಂತಿರುತ್ತದೆ. 2022ರಲ್ಲಿ ಇಲ್ಲಿ ಪೋಲೊ ತಯಾರಿಕೆ ನಿಂತರೂ ಅದರ ಅಭಿಮಾನಿಗಳಿಗೆ ಕೊರತೆಯಿಲ್ಲ. ಎರಡಕ್ಕೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕು. 2021ರ ಐ20 ಎನ್ ಲೈನಿಗೆ ನಾಲ್ಕಕ್ಕೂ ಡಿಸ್ಕ್. ಆದ್ದರಿಂದ ಅದೇ ಶ್ರೇಷ್ಠವೆಂದು ನಾನು ಮೇಜು ಗುದ್ದಿ ವಾದಿಸುತ್ತಿದ್ದೆ.

ಹಳೆಯ ಅಂಬಾಸಿಡರಿನಲ್ಲಿ ಹಿಂದಿನ ಚಕ್ರಗಳು ಗಾಡಿಯನ್ನು ನೂಕುತ್ತಿದ್ದವು. ಈ ಮೂರರಲ್ಲಿಯೂ, 1983ರ ಮಾರುತಿ 800ರಂತೆ, ಮುಂದಿನ ಚಕ್ರಗಳೇ ಎಳೆಯುತ್ತವೆ. ಎಳೆಯುವುದೂ ಅವೇ, ತಿರುಗಿಸುವುದೂ ಅವೇ. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಹೊರೆಯ ದೊಡ್ಡ ಪಾಲೂ ಅವುಗಳದ್ದೇ. ಇದನ್ನು ನಾನು ಬಾಯಿಪಾಠ ಮಾಡಿದ್ದೆನೇ ಹೊರತು ಅರಿತಿರಲಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಗ್ಯಾರೇಜಿನ ಯಜಮಾನರ ಹಳೆಯ ಸ್ವಿಫ್ಟನ್ನು ನಾನು ನಡೆಸುತ್ತಿದ್ದೆ, ಅಪ್ಪ ಪಕ್ಕದಲ್ಲಿದ್ದರು. ಹೊರವರ್ತುಲ ರಸ್ತೆಯಿಂದ ನಾಗರಭಾವಿಯ ಕಡೆ ತಿರುಗುವಾಗ ವೇಗ ಹೆಚ್ಚಾಗಿತ್ತು. ಸ್ಟಿಯರಿಂಗ್ ತಿರುಗಿಸಿದೆ, ಗಾಬರಿಯಲ್ಲಿ ಬ್ರೇಕನ್ನೂ ಬಲವಾಗಿ ತುಳಿದೆ. ಚಕ್ರ ತಿರುಗಿತು, ಕಾರು ತಿರುಗಲಿಲ್ಲ! ಎದುರಿಗೆ ಎಳನೀರಿನ ಗಾಡಿ. ಅದರ ಹಿಂದೆ ಒಬ್ಬ ಮುದುಕ.

"ಬ್ರೇಕ್ ಸಡಿಲ ಬಿಡೋ!" ಎಂದು ಅಪ್ಪ ಕೂಗಿದರು. ಬಿಟ್ಟೆ. ಟೈರು ನೆಲ ಹಿಡಿಯಿತು. ಮುದುಕನಿಂದ ಒಂದು ಮಾರು ದೂರದಲ್ಲಿ ಪಾರಾದೆವು.

ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದಾಗ ನನ್ನ ಕಾಲು ನಡುಗುತ್ತಿತ್ತು. ಅಪ್ಪ ಬೈಯಲಿಲ್ಲ. "ನೋಡಪ್ಪ, ಟೈರು ನೆಲ ಮುಟ್ಟೋದು ಅಂಗೈಯಗಲ. ಅದರ ಹಿಡಿತ ನನ್ನ ಸಂಬಳ ಇದ್ದಹಾಗೆ. ಬಾಡಿಗೆಗೂ ಅದೇ, ರೇಷನ್ನಿಗೂ ಅದೇ, ನಿನ್ನ ಫೀಸಿಗೂ ಅದೇ. ಎಲ್ಲಾ ಬ್ರೇಕಿಗೇ ಕೊಟ್ಟುಬಿಟ್ಟರೆ ತಿರುಗೋಕೆ ಏನು ಉಳಿಯುತ್ತೆ?" ಎಂದರು.

ಮೂರು ವರ್ಷಗಳ ಅರ್ಥಶಾಸ್ತ್ರದಲ್ಲಿ ಮಿತವ್ಯಯದ ಪಾಠ ನನಗೆ ಇಷ್ಟು ಚೆನ್ನಾಗಿ ತಲೆಗೆ ಹತ್ತಿರಲಿಲ್ಲ. 2019ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎ.ಬಿ.ಎಸ್. ಕೂಡ ಚಕ್ರ ಜಾಮಾಗದಂತೆ ನೋಡಿಕೊಂಡು ಈ ಸಂಬಳವನ್ನು ಜಾಣತನದಿಂದ ಹಂಚುತ್ತದೆಯಷ್ಟೆ; ಹೆಚ್ಚಿಸುವುದಿಲ್ಲ. ಸವೆದ ಟೈರು, ಒದ್ದೆ ರಸ್ತೆ ಅದನ್ನು ಕಡಿತಗೊಳಿಸುತ್ತವೆ. ವೇಗವೋ ದುಂದುಗಾರ: ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಯಾವ ಕಾರು ಮೇಲೆಂದು ಮಿತ್ರರು ಈಗಲೂ ಕೇಳುತ್ತಾರೆ. ಮೊದಲು ಟೈರು ತೋರಿಸಿ, ಆಮೇಲೆ ನಡೆಸುವವನನ್ನು ತೋರಿಸಿ ಎನ್ನುತ್ತೇನೆ. ಕಂತಿನ ಮೇಲೆ ಒಂದು ಮೋಟಾರ್ ಬೈಕು ಕೊಡಿಸಿರೆಂದು ವರ್ಷದಿಂದ ಅಪ್ಪನನ್ನು ಪೀಡಿಸುತ್ತಿದ್ದೆ. ಆ ಸಂಜೆಯ ನಂತರ ಕೇಳಲಿಲ್ಲ. ಬಸ್ಸಿನಲ್ಲೇ ಕಾಲೇಜಿಗೆ ಬರುತ್ತಿದ್ದೇನೆ.