ನಾಲ್ಕನೇ ಬಾಯಿ

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಹಕ್ಕಿಗಳು ಬರುವ ಹೊತ್ತಿಗೆ ನಮ್ಮ ಗದ್ದೆಗೆ ರೋಟವೇಟರ್ ಇಳಿಯುತ್ತದೆ. ಅದಕ್ಕೂ ಮುಂಚೆ ಕೊಟ್ಟಿಗೆಯ ಮೂಲೆಯಿಂದ ಗ್ರೀಸ್ ಗನ್ ಹೊರಬರಬೇಕು.

ತುಂಬುವ ಕೆಲಸ ನನ್ನದು. ಹಿಂದಿನ ಸರಳು ಎಳೆದು ಸಿಕ್ಕಿಸಿ, ತಲೆ ಬಿಚ್ಚಿ, ಗ್ರೀಸನ್ನು ಒತ್ತಿ ಒತ್ತಿ ತುಂಬಬೇಕು. ನಡುವೆ ಗಾಳಿ ಉಳಿದರೆ ಹಿಡಿಕೆ ಎಷ್ಟು ಒತ್ತಿದರೂ ಏನೂ ಬಾರದು. ಆಗ ತಲೆಯನ್ನು ಒಂದು ಸುತ್ತು ಸಡಿಲಿಸಿ ಗಾಳಿ ಬಿಡಬೇಕು. ನಿಪ್ಪಲ್ ಒರೆಸದೆ ಗನ್ ಹಚ್ಚಿದರೆ ಗ್ರೀಸಿಗಿಂತ ಮೊದಲು ಕೆಸರು ಒಳಗೆ ಹೋಗುತ್ತದೆ.

ಟ್ರ್ಯಾಕ್ಟರಿನಿಂದ ರೋಟವೇಟರ್ ತಿರುಗಿಸುವ ಶಾಫ್ಟಿನ ಎರಡು ತುದಿಗೂ ಒಂದೊಂದು ಕ್ರಾಸ್ ಇದೆ. ಒಂದು ಕ್ರಾಸಿಗೆ ನಾಲ್ಕು ಕೈ, ನಾಲ್ಕಕ್ಕೂ ಬೇರಿಂಗ್. ನಮ್ಮದರಲ್ಲಿ ನಿಪ್ಪಲ್ ಮಾತ್ರ ಒಂದೇ. ಕಾಲೇಜು ಮುಗಿಸಿ ಬಂದ ವರ್ಷ ಮೂರು ಕಡೆ ಹೊಸ ಗ್ರೀಸ್ ಇಣುಕಿತು, ಸಾಕು ಅಂದುಕೊಂಡೆ. ನಾಲ್ಕನೆಯದು ಒಣಗಿಯೇ ಇತ್ತು. ನೆಟ್ಟಿಯ ಹಿಂದಿನ ದಿನ ಕಿರ್ರೆಂದು, ಕಾದು, ಮುರಿಯಿತು. ಸಸಿ ಕಿತ್ತು ಕಟ್ಟಿಟ್ಟಾಗಿತ್ತು, ನೆಟ್ಟಿಗೆ ಹೆಂಗಸರಿಗೆ ಹೇಳಿಯಾಗಿತ್ತು. ಶಿವಮೊಗ್ಗದಿಂದ ಹೊಸ ಕ್ರಾಸ್ ತಂದು ಕೂರಿಸುವಷ್ಟರಲ್ಲಿ ಅವರು ಬೇರೆಯವರ ಗದ್ದೆಗೆ ಹೋಗಿದ್ದರು. ಸಸಿ ಕಟ್ಟು ನೀರಿನಲ್ಲೇ ನಿಂತು ಹಳದಿಯಾಯಿತು.

ಅಪ್ಪ ಬೈಯಲಿಲ್ಲ. "ಬಾಯಿ ನಾಲ್ಕಿದ್ರೆ ಮೂರಕ್ಕೆ ಉಣ್ಸಿ ಎದ್ದೋಗ್ತಾರೇನೋ?" ಅಂದರು, ಅಷ್ಟೇ.

ಈಗ ನಾಲ್ಕನೆಯದು ಹಠ ಮಾಡಿದರೆ, ನಿಂತ ಇಂಜಿನ್ನಿನ ಪಕ್ಕ ಕೂತು ಶಾಫ್ಟ್ ಅಲ್ಲಾಡಿಸಿ, ಆ ಬದಿಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಮತ್ತೆ ಒತ್ತುತ್ತೇನೆ. ಮೊದಲು ಕೆಸರು ನೀರು, ಆಮೇಲೆ ತುಕ್ಕಿನ ಬಣ್ಣದ ಹಳೆ ಗ್ರೀಸ್, ಕೊನೆಗೆ ಹೊಸದು. ಅದು ಕಾಣುವವರೆಗೆ ಏಳುವುದಿಲ್ಲ.